ಕಟ್ಟೆಗೆ ಯಾವ ಎಣ್ಣೆ?

ನೀರು ಸರಬರಾಜು ಕಚೇರಿಯ ನಮ್ಮ ಗುಮಾಸ್ತರನ್ನು ಅವರ ನಿಜವಾದ ಹೆಸರಿನಿಂದ ಕರೆಯುವವರು ಬ್ಯಾಂಕಿನವರು ಮಾತ್ರ. ಮಿಕ್ಕ ಲೋಕಕ್ಕೆಲ್ಲ ಅವರು ‘ವಿಚಾರಿಸೋಣ ಸಾರ್’. ಯಾವ ವಿಷಯ ಎತ್ತಿದರೂ ಅವರ ಬಾಯಿಂದ ಮೊದಲು ಹೊರಬೀಳುವ ಮಾತು ಅದು. “ಒಂದು ಟೀ ಕುಡಿಯೋಣ್ವಾ?” ಅಂದರೂ, “ಎಲ್ಲಿ ಚೆನ್ನಾಗಿ ಮಾಡ್ತಾರೋ ವಿಚಾರಿಸೋಣ” ಅನ್ನುತ್ತಿದ್ದರು. ಅಷ್ಟರಲ್ಲಿ ಟೀ ಹೊತ್ತು ಮುಗಿದಿರುತ್ತಿತ್ತು. ಒಮ್ಮೆ ಕೊಡೆ ಕೊಳ್ಳಲು ಹೊರಟು, ಬಟ್ಟೆ, ಕಡ್ಡಿ, ಹಿಡಿ ಎಲ್ಲದರ ಬಗ್ಗೆ ವಿಚಾರಿಸಿ ಮುಗಿಸುವ ಹೊತ್ತಿಗೆ ಎರಡು ಮಳೆಗಾಲ ಅವರ ತಲೆಯ ಮೇಲೇ ಸುರಿದುಹೋಗಿದ್ದವು.

ಜೀವನದಲ್ಲಿ ಅವರು ವಿಚಾರಿಸದೆ ಮಾಡಿದ ಕೆಲಸ ಒಂದೇ, ಮದುವೆ. ಅದೂ ಅವರ ತಪ್ಪಲ್ಲ. ಹೆಂಡತಿಯ ಅಣ್ಣ ಸ್ಕೂಲಿನಲ್ಲಿ ಡ್ರಿಲ್ ಮಾಸ್ತರು. “ಒಪ್ಪಿಗೇನೋ ಇಲ್ವೋ? ಮೂರು ಎಣಿಸ್ತೀನಿ!” ಅಂದಿದ್ದರಂತೆ. ನಮ್ಮವರು ಎರಡಕ್ಕೇ ಒಪ್ಪಿಬಿಟ್ಟರು.

ಇಂಥ ಮನುಷ್ಯ ಅಡುಗೆಮನೆಯ ಕಟ್ಟೆಗೆ ಕೈ ಹಾಕಿದ್ದೇ ಅನರ್ಥಕ್ಕೆ ಮೂಲ.

ಕಚೇರಿಯ ಸಾಹೇಬರು ಹೊಸ ಮನೆ ಕಟ್ಟಿಸಿ ಎಲ್ಲರನ್ನೂ ಟೀಗೆ ಕರೆದಿದ್ದರು. ಅಲ್ಲಿ ಸಾಹೇಬರ ಹೆಂಡತಿ ಅಡುಗೆಮನೆಯ ಕಟ್ಟೆಗೆ ಹಾಕಿಸಿದ್ದ ಕಪ್ಪು ಕಲ್ಲನ್ನು ತೋರಿಸಿ, “ಮುಖ ನೋಡ್ಕೋಬಹುದು” ಅಂದರು. ಬಂದವರೆಲ್ಲ ಸಾಲಾಗಿ ಬಗ್ಗಿ ಮುಖ ನೋಡಿಕೊಂಡರು. ನಮ್ಮವರು ಮಾತ್ರ ಬಗ್ಗಲಿಲ್ಲ. ಕ್ಷೌರದಂಗಡಿಯಲ್ಲಿ ಸರದಿಗೆ ಕಾಯುತ್ತ ಯಾವುದೋ ಪತ್ರಿಕೆಯಲ್ಲಿ ಓದಿದ್ದ ಸಾಲೊಂದು ಆ ಹೊತ್ತಿಗೆ ನೆನಪಾಗಿ, “ಕಲ್ಲು ಎಲ್ಲರ ಮನೆಯಲ್ಲೂ ಇರುತ್ತೆ. ಅಭಿರುಚಿ ಇರೋರು ಮರ ಹಾಕಿಸ್ತಾರೆ” ಎಂದುಬಿಟ್ಟರು. ಸಾಹೇಬರು ಹುಬ್ಬೇರಿಸಿ, “ನಿಮ್ಮ ಮನೇಲಿ ಮರದ್ದೋ?” ಅಂತ ಕೇಳಿದರು. ಆ ಹೊತ್ತಿನಲ್ಲಿ ನಮ್ಮವರ ಮನೆಯ ಕಟ್ಟೆ ಮೂಲೆ ಮುರಿದ ಹಳೇ ಕಡಪಾ ಕಲ್ಲಿನದು. “ಹಾಕಿಸ್ತಾ ಇದೀನಿ ಸಾರ್” ಅಂದರು.

ಆಡಿದ ಮೇಲೆ ಹಾಕಿಸಲೇಬೇಕಲ್ಲ. ಹೆಂಡತಿ ಬಡಿದುಕೊಂಡರು. “ರೀ, ಕಟ್ಟೆ ಅಂದಮೇಲೆ ನಾನು ಪಾತ್ರೆ ಕುಕ್ಕಬೇಕು, ನೀರು ಚೆಲ್ಲಬೇಕು. ಅಭಿರುಚಿ ತಗೊಂಡು ಏನು ಬೇಳೆ ಬೇಯಿಸ್ಲಾ?” ಯಾರೂ ಕೇಳಲಿಲ್ಲ. ಬಡಗಿ ಬಂದ, ಕಡಪಾ ಕಿತ್ತ, ತೇಗದ ದಪ್ಪ ಹಲಗೆ ಕೂರಿಸಿದ, ಕನ್ನಡಿಯ ಹಾಗೆ ಉಜ್ಜಿದ. ಹೊರಡುವಾಗ ಬಾಗಿಲಲ್ಲಿ ನಿಂತು, ಚಪ್ಪಲಿ ಮೆಟ್ಟುತ್ತ, “ಒಂದು ಒಳ್ಳೇ ಎಣ್ಣೆ ಹಾಕ್ಬಿಡಿ ಸಾರ್. ಅದಾಗೋವರೆಗೂ ಒಂದು ಹನಿ ನೀರೂ ಬೀಳಬಾರದು, ಕಲೆ ಆದರೆ ನನ್ನ ಕೇಳಬೇಡಿ” ಅಂದ.

“ಯಾವ ಎಣ್ಣೆ?”

“ಯಾವುದಾದರೂ ಸರಿ” ಅಂದವನೇ ಬಡಗಿ ಮೆಟ್ಟಿಲಿಳಿದುಬಿಟ್ಟ.

‘ಯಾವುದಾದರೂ ಸರಿ’ ಅನ್ನುವ ಮಾತನ್ನು ನಮ್ಮವರ ಕಿವಿಗೆ ಹಾಕುವುದೂ ಒಂದೇ, ಎಳೆ ಕರುವನ್ನು ನಡುರಸ್ತೆಯಲ್ಲಿ ಬಿಡುವುದೂ ಒಂದೇ. ಮಾರನೆಯ ದಿನದಿಂದ ವಿಚಾರಣೆ ಶುರುವಾಯಿತು. ಅಡುಗೆಮನೆಯ ಬಾಗಿಲಿಗೆ ಹಳೇ ಬೆಡ್‌ಶೀಟಿನ ಪರದೆ ಬಿತ್ತು. ಸ್ಟವ್ ಹಾಲಿಗೆ ಬಂದು ಹೊಲಿಗೆ ಮೆಷಿನ್ನಿನ ಮೇಲೆ ಕೂತಿತು. ಮಿಕ್ಸಿ ಟೀವಿ ಪಕ್ಕಕ್ಕೆ ಹೋಯಿತು. ಅದು ತಿರುಗಿದಾಗಲೆಲ್ಲ ವಾರ್ತೆ ಓದುವವರ ಮುಖ ಅಲ್ಲಾಡುತ್ತಿತ್ತು. ತರಕಾರಿ ಹೆಚ್ಚುವುದು ಮಂಚದ ಮೇಲೆ, ಪಾತ್ರೆ ತೊಳೆಯುವುದು ಬಚ್ಚಲಿನಲ್ಲಿ. ಒಂದು ವಾರ ಎಂದುಕೊಂಡಿದ್ದು ಎರಡಾಯಿತು, ಎರಡು ಹೋಗಿ ತಿಂಗಳ ಹತ್ತಿರ ಬಂತು.

ಇಲ್ಲಿ ಒಂದು ವಿಷಯವನ್ನು ಓದುಗರಿಗೆ ನೆನಪಿಸುವುದು ನನ್ನ ಕರ್ತವ್ಯ. ನಮ್ಮ ಆಡುಮಾತಿನಲ್ಲಿ ಎಣ್ಣೆ ಎಂಬ ಪದಾರ್ಥ ಎರಡು ಬಗೆ. ಒಂದು ಬಾಣಲೆಗೆ ಹಾಕುವುದು, ಇನ್ನೊಂದು ಗಂಟಲಿಗೆ ಹಾಕುವುದು. ಈ ಎರಡನೆಯ ಎಣ್ಣೆಯ ಸುದ್ದಿಯೇ ತಿಳಿಯದೆ ತಲೆ ನರೆಸಿಕೊಂಡ ಗಂಡಸು ನಮ್ಮ ಸುತ್ತಮುತ್ತಲಲ್ಲಿ ಒಬ್ಬರೇ ಇದ್ದರು. ಅವರೇ ಈಗ ಸಿಕ್ಕಸಿಕ್ಕವರನ್ನು ನಿಲ್ಲಿಸಿ ಎಣ್ಣೆಯ ಬಗ್ಗೆ ವಿಚಾರಿಸಲು ಹೊರಟಿದ್ದರು.

ಬೀದಿಯವರನ್ನೆಲ್ಲ ಕೇಳಿ ಮುಗಿಸಿ, ಕೊನೆಗೊಂದು ದಿನ ಕಚೇರಿಯಲ್ಲೂ ಕೇಳಿದರು. “ನಮ್ಮಲ್ಲಿ ಎಣ್ಣೆ ವಿಷಯ ಚೆನ್ನಾಗಿ ತಿಳಿದೋರು ಯಾರ್ರಪ್ಪಾ?”

ಇಡೀ ವಿಭಾಗ ತಲೆ ಎತ್ತದೆ, ಒಂದೇ ದನಿಯಲ್ಲಿ, “ಡಿಸ್ಪ್ಯಾಚ್” ಅಂದಿತು.

ಡಿಸ್ಪ್ಯಾಚ್ ಗುಮಾಸ್ತ ಒಂಟಿ ಮನುಷ್ಯ, ಸ್ನೇಹಜೀವಿ. ಸಂಜೆಯಾದರೆ ಜೊತೆಗೆ ಕೂರಲು ಯಾರಾದರೂ ಸಿಕ್ಕಾರೇ ಎಂದು ವರ್ಷಗಟ್ಟಲೆ ಕಾದವನು. ನಮ್ಮವರು ಅವನ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು, ದನಿ ತಗ್ಗಿಸಿ, “ಎಣ್ಣೆ ಬಗ್ಗೆ ಸ್ವಲ್ಪ ವಿಚಾರಿಸಬೇಕಿತ್ತು” ಅಂದಾಗ ಅವನು ಅಂಟು ಹಚ್ಚುತ್ತಿದ್ದ ಲಕೋಟೆಯನ್ನು ಕೆಳಗಿಟ್ಟ.

“ಯಾರಿಗೆ ಸಾರ್?”

“ನಮ್ಮ ಮನೆಗೇ. ಯಾಕೆ, ನಾನು ಹಾಕಬಾರದಾ?”

“ಅಯ್ಯೋ ಹಾಕಬೇಕು ಸಾರ್! ಯಾವತ್ತೋ ಹಾಕಬೇಕಿತ್ತು. ಬಾಯಿಬಿಟ್ಟು ಕೇಳಿದಿರಲ್ಲ, ಅಷ್ಟೇ ಸಾಕು ನನಗೆ.”

“ಇದೇ ಮೊದಲು ನೋಡಿ. ಯಾವುದು ಒಳ್ಳೇದು ಅಂತ ತಿಳೀತಿಲ್ಲ. ಜಾಸ್ತಿ ವಾಸನೆ ಹೊಡೀಬಾರದು. ಮನೇಲಿ ಹೆಂಡತಿ ಇದ್ದಾಳೆ.”

“ವಾಸನೆ ಇಲ್ಲದ್ದೂ ಇದೆ ಸಾರ್. ಥೇಟ್ ನೀರಿನ ಹಾಗೇ ಇರುತ್ತೆ. ಪಕ್ಕದಲ್ಲಿ ಕೂತೋರಿಗೂ ಗೊತ್ತಾಗಲ್ಲ.”

“ನೀರು ಸೇರಿಸಬೇಕಾ ಅದಕ್ಕೆ?”

“ಅದು ಅವರವರ ರುಚಿ. ಕೆಲವರು ನೀರು, ಕೆಲವರು ಸೋಡಾ.”

“ಸೋಡಾ ಹಾಕಿದರೆ ಕಲೆ ಆಗಲ್ವಾ?”

ಡಿಸ್ಪ್ಯಾಚ್ ಗುಮಾಸ್ತನಿಗೆ ಈ ಪ್ರಶ್ನೆ ಹೊಸದು. ಆದರೂ ಅನನುಭವಿಗಳ ಭಯ ಅವನಿಗೆ ಗೊತ್ತಿತ್ತು. “ಶರ್ಟಿನ ಮೇಲೆ ಚೆಲ್ಲಿದರೂ ಆಗಲ್ಲ” ಎಂದು ಧೈರ್ಯ ಹೇಳಿದ.

“ಸರಿ, ರಾತ್ರಿ ಹಾಕಿದರೆ ಎಷ್ಟೊತ್ತಿಗೆ ಇಳಿಯುತ್ತೆ?”

“ಎಷ್ಟು ಹಾಕ್ತೀರಿ ಅನ್ನೋದರ ಮೇಲಿದೆ. ಬೆಳಗ್ಗೆ ಹೊತ್ತಿಗೆ ಪೂರ್ತಿ ಇಳಿದಿರುತ್ತೆ. ತಲೆ ಸ್ವಲ್ಪ ಹಿಡ್ಕೊಂಡಿರುತ್ತೆ, ಅಷ್ಟೇ.”

“ಹಾಗಾದರೆ ಕಿಟಕಿ ತೆಗೆದಿಟ್ಟು ಹಾಕ್ತೀನಿ” ಅಂದು ನಮ್ಮವರು ಕೃತಜ್ಞತೆಯಿಂದ ಎದ್ದರು. ಡಿಸ್ಪ್ಯಾಚ್ ಗುಮಾಸ್ತನ ಕಣ್ಣು ಒದ್ದೆಯಾಗಿತ್ತು. “ಒಬ್ಬರೇ ಕೂರಬೇಡಿ ಸಾರ್, ಬೇಜಾರಾಗುತ್ತೆ. ಕರೆದರೆ ನಾನೂ ಬರ್ತೀನಿ” ಅಂದ. ಎಂಥ ಸಹಾಯಬುದ್ಧಿ ಎಂದು ನಮ್ಮವರು ದಾರಿಯುದ್ದಕ್ಕೂ ಮೆಚ್ಚಿಕೊಂಡರು.

ಮಧ್ಯಾಹ್ನದ ಊಟದ ಡಬ್ಬಿಗಳು ಮುಚ್ಚುವ ಮೊದಲೇ ಸುದ್ದಿ ಕಚೇರಿ ಸುತ್ತಿತು. ಇಷ್ಟು ವಯಸ್ಸಾದ ಮೇಲೆ ಪಾಪ, ಹೆಂಡತಿಗೆ ಗೊತ್ತಾಗದ ಹಾಗೆ, ಕಿಟಕಿ ತೆಗೆದಿಟ್ಟು.

ಆ ಹೆಂಡತಿಯಾದರೋ ಅದೇ ಹೊತ್ತಿನಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ನಿಂತು, ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಅಣ್ಣನಿಗೆ ಗೋಳು ಹೇಳಿಕೊಳ್ಳುತ್ತಿದ್ದರು.

“ಅಣ್ಣಾ, ನನಗಂತೂ ಸಾಕುಸಾಕಾಗಿದೆ. ಬೆಳಗ್ಗೆ ಎದ್ದರೆ ಎಣ್ಣೆ, ಮಲಗೋಕೆ ಹೋದರೆ ಎಣ್ಣೆ. ಇವರ ಬಾಯಲ್ಲಿ ಬೇರೆ ಮಾತೇ ಇಲ್ಲ.”

ಡ್ರಿಲ್ ಮಾಸ್ತರು ಆಚೆ ಕಡೆ ಸೆಟೆದು ನಿಂತರು. “ಎಣ್ಣೆಯಾ? ನಮ್ಮ ಭಾವನಾ? ಯಾವಾಗಿಂದ?”

“ತಿಂಗಳಾಗ್ತಾ ಬಂತು. ಕಂಡಕಂಡೋರನ್ನೆಲ್ಲ ನಿಲ್ಲಿಸಿ ಅದನ್ನೇ ಕೇಳ್ತಾರಂತೆ. ನನಗೆ ತಲೆ ಎತ್ತಿ ಓಡಾಡೋಕೆ ಆಗ್ತಿಲ್ಲ.”

“ಮನೇಲೇ ಹಾಕ್ತಾರಾ?”

“ಮನೇಲಲ್ಲದೆ ಬೀದೀಲಿ ಹಾಕ್ತಾರಾ? ಅದಕ್ಕೇ ತಾನೇ ನನ್ನನ್ನ ಅಡುಗೆಮನೆಯಿಂದ ಆಚೆ ಹಾಕಿರೋದು. ಒಳಗೆ ಕಾಲಿಟ್ಟರೆ ಬೊಬ್ಬೆ ಹೊಡೀತಾರೆ. ಹಾಲಲ್ಲಿ ಕೂತು ಬೇಯಿಸ್ತಾ ಇದೀನಿ.”

“ನಿನ್ನನ್ನ ಆಚೆ ಹಾಕಿದಾರೆ!”

“ಈ ಭಾನುವಾರದೊಳಗೆ ಇದು ಮುಗೀದೆ ಇದ್ದರೆ ಗಂಟುಮೂಟೆ ಕಟ್ಕೊಂಡು ನಿನ್ನ ಮನೆಗೆ ಬಂದುಬಿಡ್ತೀನಿ, ನೋಡ್ತಿರು.”

“ನೀನು ಬರೋದು ಬೇಡ” ಅಂದರು ಡ್ರಿಲ್ ಮಾಸ್ತರು, ಹಲ್ಲು ಕಚ್ಚಿ. “ನಾನೇ ಬರ್ತೀನಿ.”

ಅಣ್ಣನಿಗೆ ಮರದ ಕೆಲಸವೂ ಬರುತ್ತದೆ ಎಂದು ತಿಳಿದು ತಂಗಿಗೆ ಸಂತೋಷವಾಯಿತು.

ಇತ್ತ ನಮ್ಮವರು ಪೇಂಟ್ ಅಂಗಡಿ ಹೊಕ್ಕಿದ್ದರು. ಅಂಗಡಿಯವನು ಮೊದಮೊದಲು ಉತ್ಸಾಹದಿಂದಲೇ ಉತ್ತರ ಕೊಟ್ಟ. ಅಗಸೆ ಎಣ್ಣೆ ಒಳ್ಳೇದು, ಮರದ ಒಳಕ್ಕೆ ಇಳಿಯುತ್ತೆ, ಆದರೆ ಒಣಗೋಕೆ ತಡ, ಬಣ್ಣ ಸ್ವಲ್ಪ ಹಳದಿಗೆ ತಿರುಗುತ್ತೆ. ಟಂಗ್ ಎಣ್ಣೆ ಅಂತ ಬರುತ್ತೆ, ಯಾವುದೋ ಕಾಯಿಂದ ತೆಗೆದದ್ದು, ನೀರಿಗೆ ಜಗ್ಗಲ್ಲ. ಬಣ್ಣವಿಲ್ಲದ, ವಾಸನೆಯಿಲ್ಲದ ಇನ್ನೊಂದಿದೆ, ಅದು ಒಣಗೋದೇ ಇಲ್ಲ, ಆಗಾಗ ಹಚ್ತಾನೇ ಇರಬೇಕು.

“ಹಳದಿ ಅಂದರೆ ನಿಂಬೆಹಣ್ಣಿನ ಹಳದಿಯೋ, ಹಳೇ ಪೇಪರಿನ ಹಳದಿಯೋ?”

“ಮಧ್ಯದ್ದು.”

“ಟಂಗ್ ಕಾಯಿ ತಿಂದರೆ ಏನಾಗುತ್ತೆ?”

“ಕಟ್ಟೆ ಯಾಕೆ ಸಾರ್ ಕಾಯಿ ತಿನ್ನುತ್ತೆ?”

“ಕಟ್ಟೆ ಮೇಲೆ ಚಪಾತಿ ಲಟ್ಟಿಸಿದರೆ?”

“ಒಣಗಿದ ಮೇಲೆ ಏನೂ ಆಗಲ್ಲ.”

“ಒಣಗಿದೆ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?”

ಅಂಗಡಿಯವನು ಸ್ವಲ್ಪ ಹೊತ್ತು ಗೋಡೆಯ ಕ್ಯಾಲೆಂಡರ್ ನೋಡಿದ. ಆಮೇಲೆ ಒಳಗೆ ಹೋಗಿ, ಮೂರು ಎಣ್ಣೆಯನ್ನೂ ಸ್ವಲ್ಪಸ್ವಲ್ಪ ಬಗ್ಗಿಸಿಕೊಂಡು ಬಂದು ಮುಂದಿಟ್ಟ. “ಮೂರನ್ನೂ ತಗೊಂಡು ಹೋಗಿ ಮೂಲೇಲಿ ಹಚ್ಚಿ ನೋಡಿ. ಮರ ಕುಡಿಯೋವಷ್ಟು ಕುಡಿಸಿ, ಉಳಿದಿದ್ದನ್ನ ಒರೆಸಿಬಿಡಿ. ದಯವಿಟ್ಟು ಈಗ ಹೊರಡಿ.”

ಥಿನ್ನರ್ ಮಾರಲು ಎಂದು ಅವನು ಎಲ್ಲಿಂದಲೋ ತರಿಸಿಡುತ್ತಿದ್ದ ಖಾಲಿ ಬಾಟಲಿಗಳಲ್ಲಿ ಆ ಎಣ್ಣೆಗಳಿದ್ದವು. ಅಂಗೈಯಗಲದ, ಚಪ್ಪಟೆಯಾದ, ಪ್ಯಾಂಟಿನ ಹಿಂದಿನ ಜೇಬಿಗೆ ಹೇಳಿ ಮಾಡಿಸಿದಂಥ ಬಾಟಲಿಗಳು. ಅವುಗಳಲ್ಲಿ ಮೊದಲು ಏನಿತ್ತು ಎಂಬುದನ್ನು ನಮ್ಮವರೊಬ್ಬರನ್ನು ಬಿಟ್ಟು ಬೇರೆ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಹಳೇ ಪೇಪರಿನಲ್ಲಿ ಸುತ್ತಿ, ಕಂಕುಳಲ್ಲಿ ಇರುಕಿಕೊಂಡು ಮನೆ ಕಡೆ ನಡೆದರು.

ಮೆಟ್ಟಿಲಲ್ಲಿ ಎದುರುಮನೆಯ ನರ್ಸಮ್ಮ ಸಿಕ್ಕರು. ದೊಡ್ಡಾಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ಈಗ ಇಡೀ ಕಟ್ಟಡವನ್ನೇ ವಾರ್ಡು ಮಾಡಿಕೊಂಡಿದ್ದರು. ಮಾತಾಡುವಾಗ ಎದುರಿನವರ ಕೈ ಹಿಡಿದರೆ ಅದು ಪ್ರೀತಿಗೋ ನಾಡಿ ನೋಡಲೋ ಹೇಳುವುದು ಕಷ್ಟ. ಪೇಪರಿನ ಸುತ್ತಿನಿಂದ ಒಂದು ಬಾಟಲಿಯ ಕತ್ತು ಹೊರಗೆ ಇಣುಕುತ್ತಿತ್ತು.

“ಏನು, ಸಾಮಾನು ತಂದಿರಾ?” ಎಂದರು ನರ್ಸಮ್ಮ, ತಣ್ಣಗೆ.

“ಹೂಂ ಅಮ್ಮ, ಮೂರು ಥರದ್ದು. ಇವತ್ತು ಸ್ವಲ್ಪ ಸ್ವಲ್ಪ ನೋಡಿ, ಯಾವುದು ಹಿಡಿಸುತ್ತೋ ಅದನ್ನೇ ಮುಂದುವರಿಸೋಣ ಅಂತ.”

ನರ್ಸಮ್ಮ ಅವರ ಕೈ ಹಿಡಿದರು. ಇನ್ನೊಂದು ಕೈಯಿಂದ ಅವರ ಕೆಳರೆಪ್ಪೆಯನ್ನು ಎಳೆದು ನೋಡಿದರು. “ಇನ್ನೂ ಹಳದಿ ಆಗಿಲ್ಲ” ಅಂದರು.

“ಹಚ್ಚಿದ ಮೇಲೆ ಆಗುತ್ತಂತೆ” ಅಂದರು ನಮ್ಮವರು. “ಅದೇ ಯೋಚನೆ ನನಗೂ.”

ಅಂದಿನಿಂದ ಎದುರುಮನೆಯಿಂದ ದಿನಾ ಎರಡು ಹೊತ್ತು ಮುಚ್ಚಳ ಮುಚ್ಚಿದ ಪಾತ್ರೆಗಳು ಬರತೊಡಗಿದವು. ನರ್ಸಮ್ಮ ಪಾತ್ರೆ ಕೊಟ್ಟು, ನಮ್ಮವರ ಹೆಂಡತಿಯ ಬೆನ್ನು ಸವರಿ, “ಧೈರ್ಯ ಬಿಡಬೇಡಮ್ಮಾ, ಎಷ್ಟೋ ಜನರನ್ನ ಇದರಿಂದ ಬಿಡಿಸಿದೀನಿ” ಎನ್ನುತ್ತಿದ್ದರು. ಹೆಂಡತಿ ಮೊದಲ ದಿನ ಪೂರ್ತಿ ಗೊಂದಲದಲ್ಲಿದ್ದರು. ಎರಡನೆಯ ದಿನ ಅರ್ಧ. ಮೂರನೆಯ ದಿನ ಏನೂ ಹೇಳದೆ ಪಾತ್ರೆ ತೆಗೆದುಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

ಆದರೆ ಬಾಟಲಿಗಳ ಮುಚ್ಚಳ ತೆರೆಯಲೇ ಇಲ್ಲ. ಮೂಲೆಯಲ್ಲಿ ಹಚ್ಚಿ ನೋಡಬೇಕಲ್ಲ, ಯಾವ ಮೂಲೆ? ಕಿಟಕಿ ಪಕ್ಕದ್ದಾದರೆ ಬಿಸಿಲು, ಸಿಂಕಿನ ಪಕ್ಕದ್ದಾದರೆ ತೇವ. “ನೀವು ಹಚ್ಚದೆ ಇದ್ದರೆ ನಾನೇ ಕೈಗೆ ಸಿಕ್ಕಿದ್ದನ್ನ ಸುರಿದುಬಿಡ್ತೀನಿ” ಎಂದು ಹೆಂಡತಿ ಒಂದು ದಿನ ಸೌಟು ಝಳಪಿಸಿದ್ದರಿಂದ ನಮ್ಮವರು ಹೆದರಿ, ಮೂರು ಬಾಟಲಿಗಳನ್ನೂ ಬೀರುವಿನಲ್ಲಿ ಸ್ವೆಟರುಗಳ ಹಿಂದೆ ಅಡಗಿಸಿಟ್ಟರು.

ಶನಿವಾರ ಸಾಹೇಬರು ಕೋಣೆಗೆ ಕರೆಸಿದರು. ಕಚೇರಿಯ ಉಗ್ರಾಣದ ಉಸ್ತುವಾರಿಯನ್ನು ನಮ್ಮವರಿಗೆ ವಹಿಸಬೇಕೆಂದು ಅವರು ಮನಸ್ಸು ಮಾಡಿದ್ದರು. ಪೈಪು, ನಲ್ಲಿ, ಮೀಟರು ಎಲ್ಲದರ ಬೀಗದ ಕೈ ಬರುವ ಹುದ್ದೆ. ನಮ್ಮವರು ಬಹಳ ದಿನದಿಂದ ಆಸೆಪಟ್ಟದ್ದು. ಅಷ್ಟರಲ್ಲಿ ಈ ಸುದ್ದಿ ಕಿವಿಗೆ ಬಿದ್ದಿತ್ತು. ಸಾಹೇಬರು ಮೃದು ಸ್ವಭಾವದವರು, ನೇರವಾಗಿ ಕೇಳಲಾರರು.

“ಮನೇಲಿ ಎಲ್ಲ ಹೇಗಿದೆ?”

“ಏನು ಹೇಳಲಿ ಸಾರ್. ಎಣ್ಣೆ ವಿಷಯ ನಿಮಗೂ ಗೊತ್ತಾಗಿರಬೇಕು.”

ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡದ್ದು ನೋಡಿ ಸಾಹೇಬರಿಗೆ ಮರುಕ ಹುಟ್ಟಿತು. “ಯಾಕೆ ಶುರುವಾಯ್ತು ಇದು?”

“ನಿಮ್ಮ ಮನೆಗೆ ಟೀಗೆ ಬಂದಿದ್ದೆ ನೋಡಿ ಸಾರ್, ಅವತ್ತಿಂದಾನೇ.”

“ನಮ್ಮ ಮನೇಲಿ ಬರೀ ಟೀ ತಾನೇ ಕೊಟ್ಟಿದ್ದು!” ಸಾಹೇಬರು ಗಾಬರಿಯಾದರು.

“ನನ್ನದೇ ತಪ್ಪು ಸಾರ್. ದೊಡ್ಡಸ್ತಿಕೆ ತೋರಿಸೋಕೆ ಹೋಗಿ ಸಿಕ್ಕಿಹಾಕ್ಕೊಂಡೆ. ಈಗ ಬಿಡೋ ಹಾಗಿಲ್ಲ. ಒಂದು ಸಲ ಶುರು ಮಾಡಿದರೆ ವರ್ಷಕ್ಕೆರಡು ಸಲ ಹಾಕ್ತಾನೇ ಇರಬೇಕಂತೆ.”

“ವರ್ಷಕ್ಕೆ ಎರಡೇ ಸಲಾನಾ?” ಸಾಹೇಬರ ಮುಖ ಸ್ವಲ್ಪ ಅರಳಿತು. “ಅಷ್ಟಾದರೆ...”

“ಈಗ ಮೊದಲಲ್ಲಿ ಮಾತ್ರ ದಿನಾ ಸಾರ್. ಸಂಜೆ ಧಾರಾಳವಾಗಿ ಹಾಕಿ ರಾತ್ರಿಯೆಲ್ಲ ಹಾಗೇ ಬಿಡಬೇಕು. ಬೆಳಗ್ಗೆ ಎದ್ದು ಹೆಂಡತಿ ಒರೆಸ್ತಾಳೆ.”

ಸಾಹೇಬರು ಎದೆಯ ಮೇಲೆ ಕೈಯಿಟ್ಟುಕೊಂಡು ಆ ಹೆಣ್ಣುಮಗಳನ್ನು ನೆನೆದರು. ಬೀಗದ ಕೈ ಗೊಂಚಲು ಮೇಜಿನ ಮೇಲಿತ್ತು. ಅದನ್ನು ಮೆಲ್ಲಗೆ ಡ್ರಾಯರಿಗೆ ಸರಿಸಿದರು. “ನಾಳೆ ನಾನೇ ಮನೆಗೆ ಬರ್ತೀನಿ. ಕೂತು ಮಾತಾಡೋಣ” ಅಂದರು.

ಸಾಹೇಬರೇ ಎಣ್ಣೆ ಆರಿಸಲು ಬರುತ್ತಾರೆ ಎಂದರೆ! ನಮ್ಮವರು ಆ ಸಂಜೆ ಕಾಲು ನೆಲಕ್ಕೆ ತಾಗಿಸದೆ ಮನೆಗೆ ಹೋದರು.

ಭಾನುವಾರ ಬೆಳಗ್ಗೆ ಮೊದಲು ಬಂದವರು ಡ್ರಿಲ್ ಮಾಸ್ತರು. ನಿವೃತ್ತರಾಗಿದ್ದರೂ ಕೊರಳಲ್ಲಿ ಸೀಟಿ ಇತ್ತು. ಒಳಗೆ ಬರುತ್ತಲೇ ಹೊಲಿಗೆ ಮೆಷಿನ್ನಿನ ಮೇಲಿನ ಸ್ಟವ್, ಬಾಗಿಲಿಗೆ ಕಟ್ಟಿದ ಬೆಡ್‌ಶೀಟ್ ನೋಡಿ ಅಂಗಿಯ ತೋಳು ಮಡಿಸಿದರು. ಅವರ ಹಿಂದೆ ನರ್ಸಮ್ಮ. ಆಮೇಲೆ ಸಾಹೇಬರು, ರೋಗಿಯನ್ನು ನೋಡಲು ಬರುವವರ ಹಾಗೆ ಒಂದು ಚೀಲ ಕಿತ್ತಳೆ ಹಿಡಿದುಕೊಂಡು. ಕೊನೆಗೆ ಡಿಸ್ಪ್ಯಾಚ್ ಗುಮಾಸ್ತ. ಕಷ್ಟಕಾಲದಲ್ಲಿ ಗೆಳೆಯನ ಜೊತೆಗಿರಬೇಕೆಂದು ಬಂದು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತ.

ನಮ್ಮವರು ಎಲ್ಲರಿಗೂ ಕೈಮುಗಿದರು. “ನನ್ನದೊಂದು ಎಣ್ಣೆ ವಿಷಯಕ್ಕೆ ಇಷ್ಟು ಜನ ಬಂದಿರಲ್ಲ!”

“ನೋಡಿ, ಇದೊಂದು ಕಾಯಿಲೆ” ಎಂದು ಸಾಹೇಬರು ಮೆತ್ತಗೆ ಶುರುಮಾಡಿದರು. “ನಾಚಿಕೆ ಪಡಬೇಕಾಗಿಲ್ಲ.”

“ಕಾಯಿಲೆ ಅಲ್ಲ ಸಾರ್, ಸ್ವಭಾವ. ಚಿಕ್ಕ ಹುಡುಗ ಆಗಿದ್ದಾಗಿಂದ ಹೀಗೇ. ನಮ್ಮಪ್ಪನೂ ಹೀಗೇ ಇದ್ದರು.”

“ವಂಶದಲ್ಲೇ ಇದೆ” ಎಂದು ನರ್ಸಮ್ಮ ಸಾಹೇಬರ ಕಿವಿಯಲ್ಲಿ ಹೇಳಿದರು.

“ಅದೆಲ್ಲ ಬೇಡ!” ಡ್ರಿಲ್ ಮಾಸ್ತರು ಎದ್ದು ನಿಂತರು. “ಭಾವ, ಒಂದೇ ಪ್ರಶ್ನೆ. ಇವತ್ತಿಗೆ ಇದನ್ನ ಮುಗಿಸ್ತೀರೋ ಇಲ್ವೋ?”

“ಮುಗಿಸೋಣ ಭಾವ, ನೀವೆಲ್ಲ ಬಂದಿದೀರಲ್ಲ. ಎಲ್ಲರೂ ಸೇರಿ ಇವತ್ತೇ ಹಾಕಿಬಿಡೋಣ.”

ಡಿಸ್ಪ್ಯಾಚ್ ಗುಮಾಸ್ತ ಸ್ಟೂಲಿನ ಮೇಲೆ ಆಸೆಯಿಂದ ಅಲುಗಾಡಿದ.

“ಎಲ್ಲಿದೆ ಮಾಲು?” ಡ್ರಿಲ್ ಮಾಸ್ತರು ಗುಡುಗಿದರು.

“ತರ್ತೀನಿ, ನೀವೇ ನೋಡಿ ಹೇಳಿ.” ನಮ್ಮವರು ಬೀರು ತೆರೆದು, ಸ್ವೆಟರುಗಳ ಹಿಂದೆ ಕೈಹಾಕಿ, ಮೂರು ಬಾಟಲಿಗಳನ್ನು ತಂದು ಟೀಪಾಯಿಯ ಮೇಲೆ ಸಾಲಾಗಿ ನಿಲ್ಲಿಸಿದರು. ನರ್ಸಮ್ಮ ಕಣ್ಣು ಮುಚ್ಚಿಕೊಂಡರು. ಹೆಂಡತಿ ಯಾಕೋ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆ ಕಡೆ ತಿರುಗಿದರು. ಅಳುತ್ತಿದ್ದಾರೆ ಎಂದು ಎಲ್ಲರೂ ಭಾವಿಸಿದರು. ಭುಜಗಳಂತೂ ಕುಲುಕುತ್ತಿದ್ದವು.

ಅಷ್ಟೇ ಸಾಕಾಯಿತು. ಡ್ರಿಲ್ ಮಾಸ್ತರು ಕೈಗೆ ಹತ್ತಿರವಿದ್ದ ಬಾಟಲಿ ಕಿತ್ತುಕೊಂಡು, ಹಲ್ಲಿನಿಂದ ಮುಚ್ಚಳ ತೆಗೆದು, ಬೆಡ್‌ಶೀಟ್ ಹರಿದುಕೊಂಡು ಅಡುಗೆಮನೆಗೆ ನುಗ್ಗಿದರು. “ಸಿಂಕಿಗೆ ಸುರೀತೀನಿ ಇದನ್ನ!”

“ಭಾವ, ಬೇಡ! ಒಂದೇ ಸಲ ಸುರೀಬೇಡಿ! ಮೊದಲು ಮೂಲೇಲಿ ಸ್ವಲ್ಪ!” ನಮ್ಮವರು ಹಿಂದಿನಿಂದ ಅವರ ಸೊಂಟ ತಬ್ಬಿಕೊಂಡರು.

“ನೋಡಿದ್ರಾ, ಒಂದು ಹನಿಗೂ ಹೇಗೆ ಒದ್ದಾಡ್ತಾರೆ!” ಎಂದು ಸಾಹೇಬರು ಓಡಿಬಂದು ನಮ್ಮವರ ಸೊಂಟ ತಬ್ಬಿಕೊಂಡರು. ಮೂವರೂ ರೈಲಿನ ಡಬ್ಬಿಗಳಂತೆ ಒಂದು ಸುತ್ತು ತಿರುಗಿದರು. ಬಾಟಲಿ ಸಿಂಕಿನವರೆಗೆ ಹೋಗಲಿಲ್ಲ. ಕಟ್ಟೆಯ ಈ ತುದಿಯಿಂದ ಆ ತುದಿಗೆ ಒಂದು ದೊಡ್ಡ ಕಮಾನು ಬರೆದು, ಬುಡಮೇಲಾಗಿ, ಗುಳುಗುಳು ಸದ್ದು ಮಾಡುತ್ತ ಬರಿದಾಯಿತು.

ನಮ್ಮವರು ಕಿರುಚಿದ ರಭಸಕ್ಕೆ ಕೆಳಗಿನ ರಸ್ತೆಯಲ್ಲಿ ಸೈಕಲ್ ಸವಾರನೊಬ್ಬ ಇಳಿದು ನಿಂತನಂತೆ. “ಒರೆಸಿ! ಉಳಿದಿದ್ದನ್ನ ಒರೆಸಿ! ಎಲ್ಲ ಕಡೆ ಒಂದೇ ಸಮ ಆಗಬೇಕು!”

ಆಜ್ಞೆ ಎಂಬುದು ಕಿವಿಗೆ ಬಿದ್ದರೆ ಡ್ರಿಲ್ ಮಾಸ್ತರಿಗೆ ಅದು ಯಾರು ಕೊಟ್ಟದ್ದು ಅನ್ನುವುದು ಮುಖ್ಯವಲ್ಲ. ಬಾಯಿಗೆ ಸೀಟಿ ಹೋಯಿತು. ಹರಿದ ಬೆಡ್‌ಶೀಟ್ ನಾಲ್ಕು ತುಂಡಾಗಿ ನಾಲ್ವರ ಕೈಗೆ ಬಂತು. “ಎಲ್ಲರೂ ಸಾಲಾಗಿ! ಮರದ ಗೆರೆ ಹಿಡಿದು! ಒಂದು! ಎರಡು! ಒಂದು! ಎರಡು!” ಸಾಹೇಬರು ತೋಳು ಮಡಿಸದೆ ತಿಕ್ಕಿದರು. ನರ್ಸಮ್ಮ ಗಾಯ ಒರೆಸುವ ಹಾಗೆ ಮೂಲೆಮೂಲೆ ಒರೆಸಿದರು. ಡಿಸ್ಪ್ಯಾಚ್ ಗುಮಾಸ್ತ ಇಂಥ ನಷ್ಟ ಕಣ್ಣಾರೆ ನೋಡಲಾರದೆ ಮುಖ ಆಚೆ ತಿರುಗಿಸಿಕೊಂಡು ಉಜ್ಜಿದ.

ಸ್ವಲ್ಪ ಹೊತ್ತಾದ ಮೇಲೆ ಸಾಹೇಬರು ಮೂಗು ಅರಳಿಸಿದರು. “ಇದೇನ್ರೀ, ಪೇಂಟಿನ ವಾಸನೆ ಬರ್ತಿದೆ?”

ಎಲ್ಲರ ಕಣ್ಣು ತಜ್ಞನ ಕಡೆ ತಿರುಗಿತು. ಡಿಸ್ಪ್ಯಾಚ್ ಗುಮಾಸ್ತ ಕಟ್ಟೆಗೆ ಬೆರಳೊತ್ತಿ, ಮೂಗಿನ ಹತ್ತಿರ ತಂದು, ನಾಲಿಗೆಯ ತುದಿಗೆ ಮುಟ್ಟಿಸಿದ. ಅವನ ಮುಖದ ಮೇಲೆ ಮೊದಲು ಅನುಮಾನ, ಆಮೇಲೆ ಆಳವಾದ ದುಃಖ ಮೂಡಿತು.

“ಇದು ಎಣ್ಣೆ ಅಲ್ಲ ಸಾರ್” ಅಂದ. “ಇದು ಎಣ್ಣೆ.”

ಡ್ರಿಲ್ ಮಾಸ್ತರ ಬಾಯಿಂದ ಸೀಟಿ ಕಳಚಿಬಿತ್ತು. ನಮ್ಮವರು ಒಬ್ಬೊಬ್ಬರ ಮುಖವನ್ನೂ ನೋಡುತ್ತ, “ಅಗಸೆ ಎಣ್ಣೆ. ಕಟ್ಟೆಗೆ. ನೀವು ಇನ್ನೇನು ಅಂದ್ಕೊಂಡಿರಿ?” ಎಂದರು. ನರ್ಸಮ್ಮ ಕೈಯ ಹೆಬ್ಬೆರಳು ಎತ್ತಿ ಬಾಯಿಗೆ ಬಗ್ಗಿಸುವ ಸನ್ನೆ ಮಾಡಿ ತೋರಿಸಿದರು.

ನಮ್ಮವರು ಅಲ್ಲೇ ಇದ್ದ ಅಕ್ಕಿ ಡಬ್ಬದ ಮೇಲೆ ಕೂತುಬಿಟ್ಟರು. ಇಡೀ ತಿಂಗಳು ಆಡಿದ ಒಂದೊಂದು ಮಾತೂ ಅವರ ಕಣ್ಣ ಮುಂದೆ ಮೆರವಣಿಗೆ ಹೋಯಿತು. ಸಾಹೇಬರ ಕೋಣೆಯ ಮಾತು ಬಂದಾಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಆಗ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗು ಬಾಯಿಂದ ತೆಗೆದರು. ಅಲ್ಲಿಯವರೆಗೆ ಒಳಗೆ ತಡೆದಿದ್ದ ನಗು ಕುಕ್ಕರಿನ ಆವಿಯಂತೆ ಹೊರಬಿತ್ತು.

“ನಿನಗೆ ಗೊತ್ತಿತ್ತಾ?” ನಮ್ಮವರು ಬೆರಳ ಸಂದಿಯಿಂದ ಕೇಳಿದರು.

“ಮೂರನೇ ದಿನಾನೇ ಗೊತ್ತಾಯ್ತು ರೀ.”

“ಮತ್ತೆ ಹೇಳೋದಲ್ವಾ ಅಮ್ಮಾ?” ಸಾಹೇಬರು ಎಣ್ಣೆಯಾದ ತೋಳು ಹಿಡಿದುಕೊಂಡು ಕೇಳಿದರು.

“ಹೇಳೋಣ ಅಂತಲೇ ಇದ್ದೆ ಸಾರ್. ಆದರೆ ನರ್ಸಮ್ಮನ ಕೈ ಅಡುಗೆ ಅಷ್ಟು ಚೆನ್ನಾಗಿತ್ತು.”

ನರ್ಸಮ್ಮನಿಗೆ ಕೋಪ ಬರಬೇಕಾಗಿತ್ತು. ಆದರೆ ಆಸ್ಪತ್ರೆಯಲ್ಲಿ ದುಡಿದಷ್ಟು ಕಾಲವೂ ಅವರ ಅಡುಗೆಯನ್ನು ಹೊಗಳಿದವರಿರಲಿಲ್ಲ. ಕೋಪ ಹಾಗೇ ಕರಗಿತು. ಡ್ರಿಲ್ ಮಾಸ್ತರು ಮಾತ್ರ ಸೀಟಿಯನ್ನು ಅಂಗಿಯೊಳಗೆ ಬಿಟ್ಟುಕೊಂಡು, ಯಾರ ಮುಖವನ್ನೂ ನೋಡಲಾರದೆ ಕಟ್ಟೆಯನ್ನೇ ನೋಡಿದರು. ಅವರು ನೋಡಿದ್ದು ಕಂಡು ಉಳಿದವರೂ ನೋಡಿದರು.

ಕಟ್ಟೆ ಬೇರೆಯೇ ಆಗಿತ್ತು. ಬಿಳಿಚಿಕೊಂಡಿದ್ದ ಹಲಗೆ ಜೇನಿನ ಬಣ್ಣಕ್ಕೆ ತಿರುಗಿ, ಗೆರೆಗೆರೆಯೂ ಎದ್ದು, ಕಿಟಕಿಯ ಬೆಳಕು ಅದರ ಮೇಲೆ ಮಲಗಿಕೊಂಡಿತ್ತು. ಎಲ್ಲ ಕಡೆ ಒಂದೇ ಸಮ. ಅಂಥ ಕವಾಯತು ನಡೆದ ಮೇಲೆ ಒಂದೇ ಸಮ ಆಗದೆ ಇನ್ನೇನು.

“ಅಗಸೆ ಎಣ್ಣೇನೇ ಯಾಕೆ ಆರಿಸಿದಿರಿ?” ಎಂದು ಸಾಹೇಬರು ಮೆಚ್ಚುಗೆಯಿಂದ ಕೇಳಿದರು.

“ನಾನಲ್ಲ ಸಾರ್” ಅಂದರು ನಮ್ಮವರು. “ಭಾವ ಆರಿಸಿದ್ದು.”

ಡ್ರಿಲ್ ಮಾಸ್ತರು ಗಂಟಲು ಸರಿಮಾಡಿಕೊಂಡರು. “ಹತ್ತಿರ ಇತ್ತು, ತಗೊಂಡೆ” ಅಂದರು. ಆಮೇಲೆ ಎಲ್ಲರೂ ಹಾಲಿನಲ್ಲಿ ಕೂತು, ಎಣ್ಣೆಯ ಕೈಯಲ್ಲೇ ಸಾಹೇಬರ ಕಿತ್ತಳೆ ಸುಲಿದು ತಿಂದರು. ಸೋಮವಾರ ಉಗ್ರಾಣದ ಬೀಗದ ಕೈ ನಮ್ಮವರ ಮೇಜಿಗೆ ಬಂತು. ಡಿಸ್ಪ್ಯಾಚ್ ಗುಮಾಸ್ತ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಮೂರನೆಯ ದಿನ ನಮ್ಮವರೇ ಅವನ ಮುಂದೆ ಕುರ್ಚಿ ಎಳೆದುಕೊಂಡು, “ಸಂಜೆ ಟೀ ಕುಡಿಯೋಕೆ ಬರ್ತೀಯೇನಪ್ಪಾ? ಇನ್ನೇನೂ ನನ್ನಿಂದ ಆಗಲ್ಲ” ಅಂದರು. ಟೀಯಾದರೂ ಸರಿ ಎಂದು ಅವನು ಎದ್ದ.

ಎಣ್ಣೆ ಒಣಗಲು ಇನ್ನೂ ಕೆಲವು ದಿನ ಹಿಡಿಯಿತು. ನರ್ಸಮ್ಮ ಈಗ ಸತ್ಯ ತಿಳಿದೂ ಪಾತ್ರೆ ಕಳಿಸಿದರು. ಒಂದು ಸಂಜೆ ನಮ್ಮವರು ಕಟ್ಟೆಯ ಮೇಲೆ ಅಂಗೈ ಆಡಿಸಿ, “ಒಣಗಿದೆ” ಎಂದು ಘೋಷಿಸಿದರು. ಸ್ಟವ್ ಒಳಗೆ ಹೋಯಿತು, ಮಿಕ್ಸಿ ಒಳಗೆ ಹೋಯಿತು. ಹೊಲಿಗೆ ಮೆಷಿನ್ನು ನಿಟ್ಟುಸಿರುಬಿಟ್ಟಂತೆ ಕಂಡಿತು. ಹೆಂಡತಿ ಒಬ್ಬರೇ ಒಳಗೆ ನಿಂತು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಟ್ಟೆಯ ಅಂಚನ್ನು ಒಮ್ಮೆ ಸವರಿದರು. ನುಣುಪಾಗಿತ್ತು. ಸಾಹೇಬರು ಬೆವರು ಸುರಿಸಿ ಉಜ್ಜಿದ ಜಾಗ ಅದು.

ಅಂದು ಬಹಳ ದಿನಗಳ ಮೇಲೆ ಅವರು ಮನಸ್ಸಿಟ್ಟು ಅಡುಗೆ ಮಾಡಿದರು. ಹಾಡಿನ ಗುನುಗೂ ಇತ್ತು. ಆ ಸಂಭ್ರಮದಲ್ಲಿ ಕೊತಕೊತ ಕುದಿಯುತ್ತಿದ್ದ ಪಾತ್ರೆಯನ್ನು ಇಕ್ಕಳದಲ್ಲಿ ಎತ್ತಿ, ಕಡಪಾ ಕಲ್ಲಿನ ಕಾಲದ ಅಭ್ಯಾಸದಂತೆ, ನೇರವಾಗಿ ಕಟ್ಟೆಯ ಮೇಲೆ ಕುಕ್ಕಿದರು. ಚುಂಯ್ ಎಂದಿತು. ಬೆಚ್ಚಿ ಎತ್ತಿದರೆ ಜೇನಿನ ಬಣ್ಣದ ನಡುವೆ ಗುಂಡಗಿನ ಕರೀ ಉಂಗುರ.

ಹಾಡು ನಿಂತದ್ದು ಕೇಳಿ ನಮ್ಮವರು ಬಂದರು. ನೋಡಿದರು. ಹೆಂಡತಿ ಇಕ್ಕಳ ಹಿಡಿದ ಕೈಯನ್ನು ಕೆಳಗಿಳಿಸದೆ ನಿಂತಿದ್ದರು.

“ರೀ,” ಅಂದರು ಸಣ್ಣ ದನಿಯಲ್ಲಿ. “ಈಗ ಏನು ಮಾಡೋದು? ಉಜ್ಜಿದರೆ ಹೋಗುತ್ತಾ? ಮತ್ತೆ ಎಣ್ಣೆ ಹಚ್ಚಬೇಕಾ? ಬಡಗೀನ ಕರೆಸೋಣ್ವಾ?”

“ವಿಚಾರಿ...” ಎಂದು ನಮ್ಮವರು ಬಾಯಿ ತೆರೆದರು. ಹೆಂಡತಿಯ ಮುಖ ನೋಡಿ, ಬಾಯಿ ಮುಚ್ಚಿದರು. ಆಮೇಲೆ ಇಕ್ಕಳವನ್ನು ಪಾತ್ರೆಯ ಸಮೇತ ಆಕೆಯ ಕೈಯಿಂದ ಬಿಡಿಸಿಕೊಂಡು, ಪಾತ್ರೆಯನ್ನು ಸರಿಯಾಗಿ ಆ ಕರೀ ಉಂಗುರದ ಮೇಲೇ ಮತ್ತೆ ಇಟ್ಟರು.

“ಏನೂ ಮಾಡೋದು ಬೇಡ” ಅಂದರು. “ಹಸಿವಾಗ್ತಿದೆ, ಊಟಕ್ಕೆ ಹಾಕು.”